ಅಪ್ಪನಿಗೆ ಹೇಳದೆ ಉಳಿದ ಲೆಕ್ಕ

ಪ್ರಶ್ನೆ: ನಮ್ಮದು ಚಿತ್ರದುರ್ಗ ತಾಲ್ಲೂಕಿನ ತುರುವನೂರು. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದೇನೆ, ಈಗ ನಾಲ್ಕನೇ ಸೆಮಿಸ್ಟರ್. ನಮ್ಮ ಕಾಲೇಜಿಗೂ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಿದೆ. ಪ್ರತಿವರ್ಷ ಕೆಲವರನ್ನು ಒಂದು ಸೆಮಿಸ್ಟರಿಗೆ ಅಲ್ಲಿಗೆ ಕಳಿಸುತ್ತಾರೆ. ಈ ಸಲ ನನ್ನ ಹೆಸರು ಬಂದಿದೆ. ಆಗಸ್ಟಿನಲ್ಲಿ ಹೋಗಿ ಡಿಸೆಂಬರಿನಲ್ಲಿ ವಾಪಸ್. ಅಲ್ಲಿನ ಫೀಸು ಕಟ್ಟಬೇಕಿಲ್ಲ, ಇಲ್ಲಿನದು ಕಟ್ಟಿದರೆ ಸಾಕು. ಆದರೆ ವಸತಿ, ಊಟ, ವಿಮಾನ, ವೀಸಾ, ಇನ್ಶೂರೆನ್ಸ್ ಎಲ್ಲ ಸೇರಿ ಎಂಟು ಲಕ್ಷ ಆಗುತ್ತದೆ.

ಮನೆಯಲ್ಲಿ ಹೇಳುವಾಗ ನಾನು ಮೂರು ಲಕ್ಷ ಅಂದುಬಿಟ್ಟೆ. ಎಂಟು ಅನ್ನಲು ಬಾಯಿ ಬರಲಿಲ್ಲ. ಅಪ್ಪ "ನೋಡಣ" ಅಂದು ಹೊಲದ ಕಡೆ ಹೋದರು. ಆಮೇಲೆ ತಮ್ಮ ಹೇಳಿದ, ಅಪ್ಪ ಯಾರ ಹತ್ತಿರವೋ ಎರಡು ಎಕರೆ ಅಡ ಇಡುವ ಮಾತಾಡುತ್ತಿದ್ದಾರಂತೆ. ಹೋದ ವರ್ಷ ಯಶವಂತಪುರಕ್ಕೆ ಹಾಕಿದ ಈರುಳ್ಳಿಯಲ್ಲಿ ಲಾರಿ ಬಾಡಿಗೆ, ಚೀಲದ ದುಡ್ಡು ಕಳೆದರೆ ಕೈಗೆ ಏನೂ ಬರಲಿಲ್ಲ. ದೊಡ್ಡಪ್ಪ "ಡಿಗ್ರಿ ಕೊಡಲ್ಲ, ಕೆಲಸ ಕೊಡಲ್ಲ, ನೋಡ್ಕಂಡು ಬರಕ್ಕೆ ಇಷ್ಟು ದುಡ್ಡಾ?" ಅಂದರು. ಅವ್ವ ಏನೂ ಹೇಳುವುದಿಲ್ಲ, ಕಣ್ಣು ಒರೆಸಿಕೊಳ್ಳುತ್ತಾಳೆ. ಈರುಳ್ಳಿ ಕೀಳುವ ಹೊತ್ತಿಗೆ ನಾನು ಊರಲ್ಲಿ ಇರುವುದಿಲ್ಲ.

ನಮ್ಮ ಮುತ್ತಜ್ಜ 1939ರಲ್ಲಿ ನಮ್ಮೂರಿನ ಅರಣ್ಯ ಸತ್ಯಾಗ್ರಹದಲ್ಲಿ ಈಚಲ ಮರ ಕಡಿದು ಜೈಲಿಗೆ ಹೋಗಿದ್ದರು ಅಂತ ಅಜ್ಜಿ ಹೇಳುತ್ತಿರುತ್ತಾರೆ. ಅವರು ಊರಿಗೋಸ್ಕರ ಮನೆ ಬಿಟ್ಟು ಹೋದರು. ನಾನು ನನ್ನ ಆಸೆಗೋಸ್ಕರ ಮನೆಯವರನ್ನು ಸಾಲಕ್ಕೆ ತಳ್ಳುತ್ತಿದ್ದೇನೆ. ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. 'ನಾನು ಬರುವುದಿಲ್ಲ' ಎಂದು ಮೇಲ್ ಟೈಪ್ ಮಾಡಿ ಇಟ್ಟಿದ್ದೇನೆ, ಕಳಿಸಲು ಕೈ ಬರುತ್ತಿಲ್ಲ. ಇನ್ನು ಮೂರು ವಾರದಲ್ಲಿ ಉತ್ತರ ಹೇಳಬೇಕು. ನಾನು ಸ್ವಾರ್ಥಿಯಾ ಮೇಡಂ?

– ಹೆಸರು ಬೇಡ, ತುರುವನೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಹೇಳುವುದು ಯಾವುದೂ ನಿಮ್ಮ ಮನಸ್ಸಿಗೆ ಇಳಿಯುವುದಿಲ್ಲ. ನೀವು ಸ್ವಾರ್ಥಿಯಲ್ಲ. ನಿಮ್ಮ ವಯಸ್ಸಿನಲ್ಲಿ ಬೇರೆ ಊರು ನೋಡಬೇಕು, ಬೇರೆ ಥರದ ತರಗತಿಯಲ್ಲಿ ಕೂತು ಕಲಿಯಬೇಕು ಅನ್ನಿಸದೆ ಇದ್ದರೇ ನಾನು ಯೋಚನೆ ಮಾಡುತ್ತಿದ್ದೆ. ಹೆಸರು ಬಂದ ಖುಷಿಯ ನಡುವೆಯೇ ನಿಮಗೆ ಅಪ್ಪನ ಹೊಲ, ಅವ್ವನ ಕಣ್ಣು ನೆನಪಾಗಿ ಎದೆ ಭಾರವಾಯಿತಲ್ಲ, ಸ್ವಾರ್ಥಿಗಳಿಗೆ ಹಾಗೆ ಆಗುವುದಿಲ್ಲ.

ಹಳ್ಳಿಯಿಂದ ಬಂದು ದೊಡ್ಡ ಊರಿನಲ್ಲಿ ಓದುವ ಮಕ್ಕಳ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ಒಬ್ಬರು ನರ್ಸಿಂಗ್ ಓದುತ್ತಿರುತ್ತಾರೆ, ಇನ್ನೊಬ್ಬರು ಕೋಚಿಂಗಿಗೆ ದೆಹಲಿಗೆ ಹೊರಟಿರುತ್ತಾರೆ. ಎಲ್ಲರಲ್ಲೂ ಇರುವ ಕೊರಗು ಒಂದೇ: ನನ್ನ ಒಂದೊಂದು ಮೆಟ್ಟಿಲಿಗೂ ಮನೆಯವರ ಬೆನ್ನು ಇನ್ನಷ್ಟು ಬಗ್ಗುತ್ತಿದೆ. ಈ ಕೊರಗನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದರಲ್ಲಿ ಸತ್ಯವೂ ಇದೆ, ಪ್ರೀತಿಯೂ ಇದೆ. ನಿಮ್ಮ ಮನೆಯಲ್ಲಿ ಮಳೆ ಮತ್ತು ಮಾರುಕಟ್ಟೆ ಎರಡನ್ನೂ ನಂಬಿ ಬದುಕಬೇಕು. ಅಲ್ಲಿ ಎಂಟು ಲಕ್ಷ ಎಂದರೆ ಎಷ್ಟು ಅಂತ ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಅಮೆರಿಕ ಎಂದು ನನಗೆ ಅನ್ನಿಸುತ್ತಿಲ್ಲ. ಪತ್ರದಲ್ಲಿ ಒಂದು ಸಾಲು ಗಡಿಬಿಡಿಯಲ್ಲಿ ಬಂದು ಹೋಗಿದೆ: 'ಮೂರು ಲಕ್ಷ ಅಂದುಬಿಟ್ಟೆ.' ಅಪ್ಪ ಎರಡು ಎಕರೆ ಅಡ ಇಡುವ ಮಾತಾಡುತ್ತಿರುವುದು ಆ ಮೂರು ಲಕ್ಷಕ್ಕೆ. ಉಳಿದ ಐದು ಲಕ್ಷ ಇದೆ ಎಂಬುದೇ ಅವರಿಗೆ ತಿಳಿಯದು. ಅದನ್ನು ನೀವೊಬ್ಬರೇ ಹೊತ್ತುಕೊಂಡು ಹಾಸ್ಟೆಲಿನ ಮಂಚದ ಮೇಲೆ ಹೊರಳಾಡುತ್ತಿದ್ದೀರಿ. 'ಬರುವುದಿಲ್ಲ' ಎಂದು ಮೇಲ್ ಕಳಿಸಿದರೆ ಎಂಟು ಲಕ್ಷದ ಮಾತು ಆಡುವ ಪ್ರಮೇಯವೇ ಬರುವುದಿಲ್ಲ. ಆ ಮೇಲ್ ಬರೆದದ್ದು ಹೋಗಲು ಇಷ್ಟವಿಲ್ಲದೆಯೋ, ಅಪ್ಪನ ಮುಂದೆ ಆ ಅಂಕಿ ಹೇಳುವ ಭಯಕ್ಕೋ? ಕಳಿಸಲು ಕೈ ಬಾರದಿರುವುದಕ್ಕೆ ಉತ್ತರ ಬಹುಶಃ ಅಲ್ಲೇ ಇದೆ.

ಕಡಿಮೆ ಹೇಳಿದ್ದಕ್ಕೆ ನಾನು ನಿಮ್ಮನ್ನು ಬೈಯುವುದಿಲ್ಲ. ಅಪ್ಪನ ಮುಖ ನೋಡುತ್ತಾ ನಿಂತ ಮಗಳ ಬಾಯಲ್ಲಿ ದೊಡ್ಡ ಮೊತ್ತ ಬಾರದಿರುವುದು ನನಗೆ ಅರ್ಥವಾಗುತ್ತದೆ. ಅವರನ್ನು ಉಳಿಸಲು ಹೋಗಿ ಹಾಗೆ ಹೇಳಿದಿರಿ. ಈಗ ಅವರ ಕಡೆಯಿಂದಲೂ ಸ್ವಲ್ಪ ನೋಡಿ. 'ನೋಡಣ' ಅಂದು ಎದ್ದು ಹೋದ ಅಪ್ಪ ಹೂಂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ನಮ್ಮ ಕಡೆಯ ಗಂಡಸರು ಮಕ್ಕಳ ಮುಂದೆ ತಮ್ಮ ಕೈಲಾಗದ್ದನ್ನು ಬಾಯಿಬಿಟ್ಟು ಹೇಳುವುದು ಬಹಳ ಕಡಿಮೆ. ಮಗಳಿಗೆ ಗೊತ್ತಾಗದ ಹಾಗೆ ಅಡ ಇಡಲು ಹೊರಟ ಅವರೂ ನಿಮ್ಮಂತೆಯೇ ಒಂದು ವಿಷಯ ಮುಚ್ಚಿಟ್ಟಿದ್ದಾರೆ. ನೀವು ಅವರಿಗೆ ನೋವಾಗಬಾರದೆಂದು ಖರ್ಚು ಮುಚ್ಚಿಟ್ಟಿರಿ, ಅವರು ನಿಮಗೆ ನೋವಾಗಬಾರದೆಂದು ಸಾಲ ಮುಚ್ಚಿಡುತ್ತಿದ್ದಾರೆ. ಹೀಗೇ ಬಿಟ್ಟರೆ ಕಾಗದಕ್ಕೆ ಸಹಿ ಬೀಳುವ ದಿನದವರೆಗೂ ಇಬ್ಬರಿಗೂ ನಿಜ ತಿಳಿಯುವುದಿಲ್ಲ.

ಮತ್ತೆ, ಇದು ಮುಚ್ಚಿಡಲು ಆಗುವ ಮೊತ್ತವೂ ಅಲ್ಲ. ಇಂಥ ವಿನಿಮಯಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಜೆ-1 ವೀಸಾ. ಅದಕ್ಕಾಗಿ ಅಲ್ಲಿನ ವಿಶ್ವವಿದ್ಯಾಲಯ ಡಿಎಸ್-2019 ಎಂಬ ಪತ್ರ ಕೊಡುತ್ತದೆ. ಅಷ್ಟು ದಿನಕ್ಕೆ ನಿಮಗೆ ಎಷ್ಟು ಹಣ ಬೇಕು, ಅದನ್ನು ಯಾರು ಕೊಡುತ್ತಾರೆ ಎಂಬುದು ಅದರಲ್ಲೇ ಅಚ್ಚಾಗಿರುತ್ತದೆ. ಅಷ್ಟು ಹಣ ಇದೆ ಎಂದು ಬ್ಯಾಂಕಿನ ಕಾಗದ ತೋರಿಸಬೇಕು. ಖರ್ಚು ಕೊಡುವವರು ಅಪ್ಪ ಎಂದಾದರೆ ಅವರ ಸಹಿಯೂ ಬೇಕಾಗುತ್ತದೆ. ಇವತ್ತಲ್ಲ ನಾಳೆ ಆ ಎಂಟು ಲಕ್ಷ ಅವರ ಕಣ್ಣಿಗೆ ಬೀಳುತ್ತದೆ. ಅದು ಯಾವುದೋ ಫಾರಮ್ಮಿನಿಂದ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದ ತಿಳಿಯಲಿ.

ಆದ್ದರಿಂದ ಈ ಶನಿವಾರ ಊರಿಗೆ ಹೋಗಿ. ಫೋನಿನಲ್ಲಿ ಬೇಡ. ದೊಡ್ಡಪ್ಪ, ನೆಂಟರು ಯಾರೂ ಇಲ್ಲದ ಹೊತ್ತು ನೋಡಿ, ರಾತ್ರಿ ಊಟ ಆದ ಮೇಲೆ ಅಪ್ಪ, ಅವ್ವ ಇಬ್ಬರ ಮುಂದೆಯೂ ಕೂತು, "ಅಪ್ಪ, ಅವತ್ತು ನಾನು ಕಮ್ಮಿ ಹೇಳಿದೆ, ಹೆದರಿ ಹೇಳಿದೆ" ಎಂದು ಶುರುಮಾಡಿ. ಅತ್ತರೆ ಅಳಿ, ಪರವಾಗಿಲ್ಲ. ಅವರಿಗೆ ಕೋಪ ಬಂದರೆ ಬರಲಿ, ಅರ್ಧ ಗಂಟೆ ಕಾಯಿರಿ. ಆ ರಾತ್ರಿಯೇ ತೀರ್ಮಾನ ಕೇಳಬೇಡಿ.

ಹೋಗುವಾಗ ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಹೋಗಿ, ಕನ್ನಡದಲ್ಲಿ, ರೂಪಾಯಿಯಲ್ಲಿ. ಬೀಜ, ಗೊಬ್ಬರ, ಕೂಲಿ, ಬಾಡಿಗೆ ಎಂದು ವರ್ಷವೆಲ್ಲ ಲೆಕ್ಕ ಹಾಕುವ ಮನುಷ್ಯ ನಿಮ್ಮಪ್ಪ. ಹಾಳೆ ಕೈಗೆ ಬಂದರೆ ಅವರಿಗೆ ಮಾತಾಡಲು ಒಂದು ದಾರಿ ಸಿಗುತ್ತದೆ. ಡಾಲರ್ 90 ರೂಪಾಯಿ ಎಂದು ಹಿಡಿಯಿರಿ. ವಿದ್ಯಾರ್ಥಿಯ ಹೆಸರು ನೋಂದಾಯಿಸುವ ಸೆವಿಸ್ ಶುಲ್ಕ ಜೆ-1ಕ್ಕೆ 220 ಡಾಲರ್, ವೀಸಾ ಅರ್ಜಿಯ ಶುಲ್ಕ 185 ಡಾಲರ್, ಎರಡೂ ಸೇರಿ 36,450 ರೂಪಾಯಿ. ಈ ಶುಲ್ಕಗಳು ಆಗಾಗ ಬದಲಾಗುತ್ತವೆ, ಕಟ್ಟುವ ದಿನ ಸರ್ಕಾರದ ತಾಣದಲ್ಲಿ ನೋಡಿಕೊಳ್ಳಿ. ವೀಸಾ ಸಿಗದಿದ್ದರೂ ಈ ಹಣ ವಾಪಸ್ ಬರುವುದಿಲ್ಲ ಎಂದು ಪಕ್ಕದಲ್ಲಿ ಬರೆಯಿರಿ. ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿಬರುವ ಖರ್ಚು ಸೇರಿಸಿ. ವಿಮಾನದ ಟಿಕೆಟ್ ಹೋಗಿ ಬರಲು ಲಕ್ಷದ ಮೇಲೆಯೇ ಇಟ್ಟುಕೊಳ್ಳಿ. ವಸತಿ, ಊಟ ಇದರಲ್ಲಿ ದೊಡ್ಡ ಬಾಬತ್ತು: ನಾಲ್ಕು ತಿಂಗಳಿಗೆ ಆರರಿಂದ ಒಂಬತ್ತು ಸಾವಿರ ಡಾಲರ್ ಕೇಳುವುದು ಅಲ್ಲಿ ಅಪರೂಪವಲ್ಲ, ಅಂದರೆ 5,40,000ದಿಂದ 8,10,000 ರೂಪಾಯಿ. ನಿಮ್ಮ ವಿಶ್ವವಿದ್ಯಾಲಯದ ನಿಖರ ದರ ತರಿಸಿಕೊಳ್ಳಿ. ನಾಲ್ಕೈದು ಜನ ಹಂಚಿಕೊಂಡು ಇರುವ ಕೋಣೆ, ಅಡುಗೆ ಮಾಡಿಕೊಳ್ಳುವ ಅವಕಾಶ ಇದೆಯಾ ಎಂದು ಕೇಳಿ; ಈ ಮೊತ್ತದಲ್ಲಿ ಇಳಿಸಲು ಸಾಧ್ಯವಿರುವುದು ಇಲ್ಲಿ ಮಾತ್ರ. ಇನ್ಶೂರೆನ್ಸಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಒಂದು ಕಾಯಿಲೆಗೆ ಕನಿಷ್ಠ 1,00,000 ಡಾಲರ್ ಭರಿಸುವ ವಿಮೆ ಇರಬೇಕೆಂಬುದು ಜೆ-1ರ ನಿಯಮ.

ಅಲ್ಲಿ ಕೆಲಸ ಮಾಡಿ ದುಡಿಯುತ್ತೇನೆ ಎಂದು ಹಾಳೆಯಲ್ಲಿ ಬರೆಯಬೇಡಿ. ಅನುಮತಿ ಪಡೆದರೆ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು, ನಿಜ. ಆದರೆ ಒಂದೇ ಸೆಮಿಸ್ಟರಿಗೆ ಬಂದವರಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಸಿಗದ ಹಣವನ್ನು ನಂಬಿ ಅಪ್ಪ ಒಪ್ಪುವುದು ಬೇಡ.

ಇಷ್ಟರವರೆಗೆ ಮೆತ್ತಗೆ ಹೇಳಿದೆ. ಈಗ ಹೇಳುವುದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಾಲ್ಕು ತಿಂಗಳ ಓದಿಗೆ ಹೊಲ ಅಡ ಇಡುವುದು ಬೇಡ. ಅಪ್ಪ ಪ್ರೀತಿಯಿಂದ ಹೊರಟಿದ್ದರೂ ಬೇಡ ಎಂದು ನೀವೇ ಹೇಳಬೇಕು, ಅವ್ವನ ಮುಂದೆ ಹೇಳಬೇಕು. ಊಟ ಕೊಡುವ ನೆಲವನ್ನು ಬಿಡಿಸಿಕೊಳ್ಳಲು ನಿಮ್ಮ ಮನೆಯ ಎಷ್ಟು ಬೆಳೆ ಬೇಕಾದೀತು ಎಂದು ನೀವು ಬಲ್ಲಿರಿ. ಹೊಲ ಅಡ ಬಿದ್ದಿದೆ ಎಂಬ ಯೋಚನೆ ತಲೆಯಲ್ಲಿಟ್ಟುಕೊಂಡು ಅಲ್ಲಿನ ತರಗತಿಯಲ್ಲಿ ಕೂತರೆ ನೀವು ಕಲಿಯುವುದಾದರೂ ಏನು? ಕೈಬಡ್ಡಿ ಸಾಲವೂ ಬೇಡ, ಮಂಡಿಯವರ ಮುಂಗಡವೂ ಬೇಡ.

ಹಾಗಾದರೆ ದುಡ್ಡು ಎಲ್ಲಿಂದ? ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿಭಾಗಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ನೇರವಾಗಿ ಬರೆಯಿರಿ: 'ನಾನು ಕೃಷಿಕ ಕುಟುಂಬದವಳು, ವಸತಿಗೆ ಅಥವಾ ಪ್ರಯಾಣಕ್ಕೆ ಸಹಾಯಧನ ಇದೆಯೇ?' ಹೀಗೆ ಕೇಳುವುದನ್ನು ಕೈಚಾಚುವುದು ಎಂದುಕೊಳ್ಳಬೇಡಿ. ಇಂಥ ಸಣ್ಣ ನಿಧಿಗಳು ಇದ್ದರೂ ಕೇಳಿದವರಿಗೆ ಮಾತ್ರ ತಿಳಿಯುವುದೇ ಹೆಚ್ಚು. ಅಪ್ಪನ ಖಾತೆ ಇರುವ ಬ್ಯಾಂಕಿನ ಮ್ಯಾನೇಜರನ್ನು ಇಬ್ಬರೂ ಒಟ್ಟಿಗೆ ಕಾಣಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ, ತಂದೆಯೋ ತಾಯಿಯೋ ಜೊತೆ ಸಾಲಗಾರರಾದರೆ ಸಾಕು. ಈ ವಿನಿಮಯ ನಿಮ್ಮ ಪದವಿಯ ಒಂದು ಭಾಗ ಎಂದು ಕಾಲೇಜಿನಿಂದ ಪತ್ರ ತಂದರೆ ಅದರ ಖರ್ಚನ್ನು ಪರಿಗಣಿಸುತ್ತೀರಾ ಎಂದು ಕೇಳಿ. ಆ ಸಾಲ ನಿಮ್ಮ ಹೆಸರಿನಲ್ಲಿ ಇರುತ್ತದೆ, ಕೆಲಸ ಸಿಕ್ಕ ಮೇಲೆ ನೀವು ತೀರಿಸುವಂಥದ್ದು. ಅಪ್ಪನಿಗೂ ನಿಮಗೂ ಇದರಲ್ಲಿ ಸ್ವಲ್ಪ ಉಸಿರಾಡಲು ಜಾಗ ಇದೆ.

ಇನ್ನೊಂದು ಪ್ರಶ್ನೆ ಕಾಲೇಜಿಗೆ ಕೇಳಿ, ಇದು ನನಗೆ ಮುಖ್ಯವಾಗಿ ಕಾಣುತ್ತದೆ. ಆಗಸ್ಟಿನ ಬದಲು ಜನವರಿಯಲ್ಲಿ ಶುರುವಾಗುವ ಸೆಮಿಸ್ಟರಿಗೆ ಹೋಗಬಹುದೇ? ಅಲ್ಲಿ ವರ್ಷಕ್ಕೆ ಎರಡು ಮುಖ್ಯ ಸೆಮಿಸ್ಟರ್, ಆಗಸ್ಟಿನಿಂದ ಡಿಸೆಂಬರ್ ಒಂದು, ಜನವರಿಯಿಂದ ಮೇ ಇನ್ನೊಂದು. ಜನವರಿಯಾದರೆ ಈರುಳ್ಳಿ ಕೀಳುವ ಹೊತ್ತಿಗೆ ನೀವು ಊರಿಗೆ ಬಂದುಹೋಗುವಷ್ಟು ಹತ್ತಿರದಲ್ಲಿ ಇರುತ್ತೀರಿ, ಈ ವರ್ಷದ ಬೆಳೆ ಮನೆಯನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದೂ ತಿಳಿದಿರುತ್ತದೆ. ಕಡಲೆ ಕೊಯ್ಲಿಗೆ ಇರಲಾರಿರಿ, ಅಷ್ಟೆ. ಸಹಾಯಧನ, ಬ್ಯಾಂಕು, ವೀಸಾ ಎಲ್ಲಕ್ಕೂ ಐದು ತಿಂಗಳು ಹೆಚ್ಚು ಸಿಗುತ್ತದೆ. ಪೂರ್ತಿ ಒಂದು ವರ್ಷ ಮುಂದೂಡಿದರೆ ಏಳನೇ ಸೆಮಿಸ್ಟರ್ ಬರುತ್ತದೆ, ಬೆಂಗಳೂರಿನ ಬಹಳಷ್ಟು ಕಾಲೇಜುಗಳಲ್ಲಿ ಕ್ಯಾಂಪಸ್ ಸಂದರ್ಶನಗಳ ಭರಾಟೆ ಆಗಲೇ. ಅದನ್ನು ಕಳೆದುಕೊಳ್ಳುವುದು ನಿಮ್ಮ ಮನೆಗೆ ಭಾರವಾದೀತು.

ದೊಡ್ಡಪ್ಪನ ಮಾತು ನಿಮಗೆ ಚುಚ್ಚಿದೆ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ, ಧ್ವನಿ ಮಾತ್ರ ಒರಟು. ಡಿಗ್ರಿ ಇಲ್ಲದ ಮೇಲೆ ಏನು ಸಿಗುತ್ತದೆ? ಇದಕ್ಕೆ ನಿಮ್ಮಲ್ಲಿ ಉತ್ತರ ಇರಬೇಕು, ಅವರಿಗೋಸ್ಕರ ಅಲ್ಲ, ನಿಮಗೋಸ್ಕರ. ಅಲ್ಲಿ ಯಾವ ನಾಲ್ಕು ವಿಷಯ ಓದುತ್ತೀರಿ, ಇಲ್ಲಿ ಸಿಗದ ಯಾವ ಲ್ಯಾಬ್ ಅಲ್ಲಿದೆ, ಆ ಅಂಕಗಳು ನಿಮ್ಮ ಅಂಕಪಟ್ಟಿಗೆ ಹೇಗೆ ಸೇರುತ್ತವೆ? ಕೊನೆಯದನ್ನು ಹೊರಡುವ ಮೊದಲೇ ಕಾಲೇಜಿನಿಂದ ಬರಹದಲ್ಲಿ ಪಡೆಯಿರಿ. ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬಾರದೆ, ವಾಪಸ್ ಬಂದು ಅದೇ ಸೆಮಿಸ್ಟರಿನ ಪರೀಕ್ಷೆಗಳಿಗೆ ಮತ್ತೆ ಕೂರಬೇಕಾಗಿ ಬಂದರೆ ಆ ಖರ್ಚಿಗೆ ಅರ್ಥವೇ ಉಳಿಯುವುದಿಲ್ಲ. ಉತ್ತರ ಬರೆಯಲು ಕೂತಾಗ 'ವಿದೇಶ ನೋಡಬೇಕು' ಎಂಬುದೊಂದೇ ಉಳಿದರೆ ಅದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ. ಅದು ತಪ್ಪು ಆಸೆಯಲ್ಲ, ಆದರೆ ಅದಕ್ಕೆ ಇನ್ನೂ ಸಮಯವಿದೆ.

ನಡುವೆ ಯಾರಾದರೂ ಏಜೆಂಟರು ಸಿಕ್ಕು, ಬ್ಯಾಂಕಿನಲ್ಲಿ ಹಣ ಇರುವ ಹಾಗೆ ತೋರಿಸಿಕೊಡುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ವೀಸಾ ಅಧಿಕಾರಿಯ ಮುಂದೆ ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ಎರಡು ಕಾಲೇಜುಗಳ ನಡುವಿನ ವಿನಿಮಯಕ್ಕೆ ಏಜೆಂಟರ ಅಗತ್ಯವೇ ಇಲ್ಲ. ಅಮೆರಿಕದ ಓದಿನ ಬಗ್ಗೆ ಮಾಹಿತಿ ಬೇಕಾದರೆ ಎಜುಕೇಶನ್‌ಯುಎಸ್‌ಎ ಕೇಂದ್ರಗಳಿವೆ, ಮೂಲಭೂತ ಸಲಹೆಗೆ ಹಣ ಕೊಡಬೇಕಿಲ್ಲ. 1950ರಲ್ಲಿ ಎರಡು ಸರ್ಕಾರಗಳ ಒಪ್ಪಂದದಿಂದ ಹುಟ್ಟಿದ ಭಾರತ-ಅಮೆರಿಕ ಶೈಕ್ಷಣಿಕ ಪ್ರತಿಷ್ಠಾನದ ಚೆನ್ನೈ ಮತ್ತು ಹೈದರಾಬಾದ್ ಕಚೇರಿಗಳಿಗೂ ಬರೆಯಬಹುದು.

ಅವ್ವನ ಬಗ್ಗೆ ಒಂದು ಮಾತು. ಅವರು ಏನೂ ಹೇಳುತ್ತಿಲ್ಲ ಎಂದಿರಿ. ದುಡ್ಡಿನ ಮಾತು ಗಂಡಸರದು ಎಂದುಕೊಂಡು ಸುಮ್ಮನಿರಬಹುದು, ಅಷ್ಟು ದೂರ ಮಗಳು ಒಬ್ಬಳೇ ಎಂಬ ದಿಗಿಲೂ ಇರಬಹುದು. ಅಡುಗೆಮನೆಯಲ್ಲಿ ಜೊತೆಗೆ ಕೂತು ಕೇಳಿ. ಎಲ್ಲಿ ಮಲಗುತ್ತೀಯ, ಜ್ವರ ಬಂದರೆ ಯಾರು ನೋಡುತ್ತಾರೆ ಎಂಬಂಥ ಪ್ರಶ್ನೆಗಳು ಅವರಲ್ಲಿ ಇರುತ್ತವೆ, ಅವಕ್ಕೆ ಉತ್ತರ ಇದೆ. ಅಲ್ಲಿನ ಹಲವು ನಗರಗಳಲ್ಲಿ ಕನ್ನಡ ಕೂಟಗಳಿವೆ, 1998ರಿಂದ 'ಅಕ್ಕ' ಎಂಬ ಅವುಗಳ ಒಕ್ಕೂಟವೂ ಇದೆ. ನೀವು ಹೋಗುವ ಊರಿನ ಹತ್ತಿರದ ಕೂಟಕ್ಕೆ ಮೊದಲೇ ಒಂದು ಮೇಲ್ ಬರೆದು, ಬಂದ ಉತ್ತರವನ್ನು ಅವ್ವನಿಗೆ ಓದಿ ಹೇಳಿ. ಅವರಿಗೆ ಓದುವ ಅಭ್ಯಾಸವಿದ್ದರೆ, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ತಂದುಕೊಡಿ. ಹಾಸನ ಸೀಮೆಯ ಹಳ್ಳಿಯ ಹಿರಿಯರೊಬ್ಬರು ಆ ದೇಶವನ್ನು ಕಂಡ ಬಗೆ ಅದರಲ್ಲಿದೆ.

ಇಷ್ಟೆಲ್ಲ ಮಾಡಿಯೂ ಲೆಕ್ಕ ಕೂಡದೆ ಹೋಗಬಹುದು. ಆಗ 'ಈ ಸಲ ಆಗುವುದಿಲ್ಲ' ಎಂದು ಬರೆಯಿರಿ, ತಲೆ ತಗ್ಗಿಸದೆ ಬರೆಯಿರಿ. ಮನೆಯವರೆಲ್ಲ ಕೂತು ಹಾಳೆ ನೋಡಿ ಬೇಡ ಎಂದದ್ದು ನಿಮ್ಮನ್ನು ಜೀವನವಿಡೀ ಕಾಡುವುದಿಲ್ಲ. ಒಬ್ಬರೇ ಹೆದರಿ ನಡುರಾತ್ರಿ ಕಳಿಸಿದ ಮೇಲ್ ಕಾಡುತ್ತದೆ, ಅಪ್ಪನ ಮೇಲೆ ಸಿಟ್ಟಾಗಿಯೂ ಒಂದು ದಿನ ಅದು ಹೊರಬೀಳಬಹುದು. ಬೇರೆ ದಾರಿಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಆಯ್ಕೆಯಾದರೆ ಎರಡು ತಿಂಗಳು ದೇಶದ ಒಳ್ಳೆಯ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿಗಳ ಜೊತೆ ಕೆಲಸ, ಖರ್ಚಿಗೆ ಅವರೇ ಹಣ ಕೊಡುತ್ತಾರೆ.

ನಿದ್ದೆಯ ವಿಷಯವನ್ನು ಹಾಗೇ ಬಿಡಬೇಡಿ. ಅಪ್ಪನ ಜೊತೆ ಮಾತಾದ ಮೇಲೂ ಒಂದು ವಾರ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬಂಥ ಯೋಚನೆ ಒಮ್ಮೆಯಾದರೂ ಸುಳಿದರೆ, ಕಾಯದೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ಕಾಲೇಜಿನಲ್ಲಿ ಆಪ್ತಸಮಾಲೋಚಕರು ಇದ್ದರೆ ಅವರನ್ನೂ ಕಾಣಿ. ಮುಂದೆ ಅಮೆರಿಕಕ್ಕೆ ಹೋದದ್ದೇ ಆದರೆ ಅಲ್ಲಿ 988 ಎಂಬ ಸಂಖ್ಯೆ ಇಂಥದ್ದಕ್ಕೇ ಇದೆ. ಕ್ಯಾಂಪಸ್ಸಿನಲ್ಲೂ ಸಮಾಲೋಚನಾ ಕೇಂದ್ರ ಇರುತ್ತದೆ. ಮೊದಲ ಕೆಲವು ವಾರ ಮನೆಯ ನೆನಪು ಜೋರಾಗಿ ಬರುತ್ತದೆ, ಎಲ್ಲರಿಗೂ ಬರುತ್ತದೆ. ಆಗ ನಾಚಿಕೊಳ್ಳದೆ ಹೋಗಿ.

ಕೊನೆಗೆ ನಿಮ್ಮ ಮುತ್ತಜ್ಜನ ಮಾತು. ನಿಜಲಿಂಗಪ್ಪನವರ ಕಾಲದ ಆ ಅರಣ್ಯ ಸತ್ಯಾಗ್ರಹ ನಿಮ್ಮೂರಿನ ಹೆಮ್ಮೆ. ಅದರ ಪಕ್ಕದಲ್ಲಿ ನಿಮ್ಮ ಆಸೆ ಇಟ್ಟು ನೋಡಿ ನಿಮಗೆ ನಾಚಿಕೆಯಾಗಿದೆ. ಆ ತೂಕ ಹಾಕುವುದು ಬಿಡಿ, ಎರಡೂ ಬೇರೆ ಬೇರೆ. ಆದರೆ ನನಗೆ ಒಂದು ಕುತೂಹಲ. ಅವರು ಜೈಲಿನಲ್ಲಿದ್ದಾಗ ಮನೆಯನ್ನು, ಹೊಲವನ್ನು ಯಾರು ನೋಡಿಕೊಂಡರು? ಅವರು ಹೇಳಿ ಹೋದರೇ, ಮನೆಯಲ್ಲಿ ಯಾರು ಬೇಡ ಅಂದರು, ಯಾರು ಹೂಂ ಅಂದರು? ಅಜ್ಜಿಗೆ ತಮ್ಮ ಅತ್ತೆಯಿಂದ ಕೇಳಿ ಗೊತ್ತಿರಬಹುದು. ಶನಿವಾರ ಊರಿಗೆ ಹೋದಾಗ, ಅಪ್ಪನ ಹತ್ತಿರ ಹಾಳೆ ಬಿಚ್ಚುವುದಕ್ಕೆ ಮೊದಲು, ಅಜ್ಜಿಯ ಪಕ್ಕ ಕೂತು ಆ ಕಥೆಯನ್ನು ಪೂರ್ತಿ ಕೇಳಿ. ಮೇಲ್ ಅಲ್ಲಿಯವರೆಗೆ ಹಾಗೇ ಇರಲಿ.